ಬಿಸಿಗಾಳಿಯ ಎಂಜಿನ್: ಎಲ್ಲಿ ಬಿಗಿ, ಎಲ್ಲಿ ಸಡಿಲ

ಹದಿನಾರು ಮಿಲಿಮೀಟರ್ ಒಳವ್ಯಾಸದ ಒಂದು ಸಿಲಿಂಡರನ್ನು ನೆಟ್ಟಗೆ ಹಿಡಿದು, ಅದಕ್ಕೆಂದೇ ಕಡೆದ ಪಿಸ್ಟನ್ನನ್ನು ಮೇಲಿನಿಂದ ಬಿಡಿ. ಎಣ್ಣೆ ಹಚ್ಚಬಾರದು, ಪಿಸ್ಟನ್ನಿಗೆ ರಿಂಗ್ ಇರಬಾರದು, ಎರಡೂ ತೊಳೆದು ಒಣಗಿರಬೇಕು. ಪಿಸ್ಟನ್ ತನ್ನ ಭಾರದಿಂದಲೇ ಸರಾಗವಾಗಿ ಇಳಿದು ಅಂಗೈಗೆ ಬಂದು ಬೀಳಬೇಕು. ಈಗ ಕೆಳಬಾಯಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಮತ್ತೊಮ್ಮೆ ಬಿಡಿ. ಈ ಸಲ ಪಿಸ್ಟನ್ ನಡುದಾರಿಯಲ್ಲಿ ತೇಲಿದಂತೆ ನಿಂತು, ಗಡಿಯಾರದ ಮುಳ್ಳಿನ ಹಾಗೆ ಕಂಡೂ ಕಾಣದಂತೆ ಕೆಳಗೆ ಸರಿಯಬೇಕು. ಹೆಬ್ಬೆರಳು ತೆಗೆದರೆ ತಟ್ಟನೆ ಜಾರಬೇಕು.

ಮನೆಯ ಕಾರ್ಯಾಗಾರದಲ್ಲಿ ಬಿಸಿಗಾಳಿಯ ಎಂಜಿನ್ ಮಾಡಲು ಹೊರಟವರಿಗೆ ನಾನು ಮೊದಲು ಹೇಳುವುದು ಈ ಪರೀಕ್ಷೆಯನ್ನು. ಇದರಲ್ಲಿ ಗೆದ್ದ ಜೋಡಿ ಕೈಯಲ್ಲಿದ್ದರೆ ಅರ್ಧ ಎಂಜಿನ್ ಆದಂತೆ. ಉಳಿದ ಅರ್ಧದಲ್ಲಿ ಅಷ್ಟು ಸೂಕ್ಷ್ಮತೆ ಬೇಕಾದ ಜಾಗಗಳು ಎರಡು ಮೂರು ಮಾತ್ರ. ಹಲವರು ಎಲ್ಲ ಭಾಗಗಳನ್ನೂ ಒಂದೇ ಕಟ್ಟುನಿಟ್ಟಿನಲ್ಲಿ ಮಾಡಲು ಹೋಗಿ ದಣಿಯುತ್ತಾರೆ, ನಿಜವಾಗಿ ಕಟ್ಟುನಿಟ್ಟು ಬೇಕಾದ ಕಡೆ ತಾಳ್ಮೆ ಕಳೆದುಕೊಂಡಿರುತ್ತಾರೆ. ಯಾವ ಭಾಗ ಕೂದಲೆಳೆಗಿಂತ ಸೂಕ್ಷ್ಮವಾಗಿರಬೇಕು, ಯಾವುದು ಧಾರಾಳವಾಗಿ ಸಡಿಲವಿರಬೇಕು, ಅದು ಏಕೆ ಎಂಬುದು ತಿಳಿದರೆ ಲೋಹವನ್ನು ತಿರುಗಿಸಿ ಉಳಿಯಿಂದ ಕಡೆಯುವ ಸಾಧಾರಣ ಸಣ್ಣ ಲೇತ್‌ನಲ್ಲೂ ಈ ಎಂಜಿನ್ ಹುಟ್ಟುತ್ತದೆ.

ಎಂಜಿನ್ನಿನ ಹೊಟ್ಟೆಯಲ್ಲಿರುವುದು ಒಂದಿಷ್ಟು ಗಾಳಿ, ಅಷ್ಟೇ. ಅದು ಹೊರಗೆ ಹೋಗುವುದಿಲ್ಲ, ಹೊಸ ಗಾಳಿ ಒಳಗೆ ಬರುವುದಿಲ್ಲ. ಕವಾಟಗಳಿಲ್ಲ, ಒಳಗೆ ಉರಿಯುವುದೂ ಇಲ್ಲ. ಒಂದು ತುದಿ ಮುಚ್ಚಿದ ಕೊಳವೆಯನ್ನು ಹೊರಗಿನಿಂದ ದೀಪವೊಂದು ಕಾಯಿಸುತ್ತದೆ, ಇನ್ನೊಂದು ತುದಿಯನ್ನು ರೆಕ್ಕೆಗಳೋ ನೀರೋ ತಂಪಾಗಿಡುತ್ತವೆ. ಕೊಳವೆಯೊಳಗೆ ಹಗುರವಾದ ಟೊಳ್ಳು ಡಬ್ಬಿಯೊಂದು ಹಿಂದೆ ಮುಂದೆ ಓಡಾಡುತ್ತದೆ. ಅದಕ್ಕೆ ಡಿಸ್ಪ್ಲೇಸರ್ ಎಂದು ಹೆಸರು. ಡಬ್ಬಿ ತಂಪು ತುದಿಗೆ ಬಂದಾಗ ಗಾಳಿ ಅದರ ಬದಿಯ ಸಂದಿನಿಂದ ನುಸುಳಿ ಬಿಸಿ ತುದಿಗೆ ಹೋಗಿ ಹಿಗ್ಗುತ್ತದೆ. ಡಬ್ಬಿ ಬಿಸಿ ತುದಿಗೆ ಹೋದಾಗ ಗಾಳಿ ತಂಪು ತುದಿಗೆ ಮರಳಿ ಕುಗ್ಗುತ್ತದೆ. ಈ ಹಿಗ್ಗು ಕುಗ್ಗುಗಳ ಒತ್ತಡ ಪಕ್ಕದ ಸಣ್ಣ ಸಿಲಿಂಡರಿನ ಪಿಸ್ಟನ್ನನ್ನು ನೂಕಿ, ಎಳೆದು, ಫ್ಲೈವೀಲ್ ಎಂಬ ಭಾರದ ಚಕ್ರವನ್ನು ತಿರುಗಿಸುತ್ತದೆ. ಡಿಸ್ಪ್ಲೇಸರ್ ಕೆಲಸ ಮಾಡುವುದಿಲ್ಲ, ಗಾಳಿಯನ್ನು ಜಾಗ ಬದಲಿಸುವುದಷ್ಟೇ ಅದರ ಪಾಡು. ಕೆಲಸವೆಲ್ಲ ಪಿಸ್ಟನ್ನಿನದು. ಇವೆರಡರ ಪಾತ್ರಗಳನ್ನು ಕಲಸಿಕೊಂಡರೆ ಮುಂದಿನ ಅಳತೆಗಳೆಲ್ಲ ಗೋಜಲಾಗುತ್ತವೆ.

ಸ್ಕಾಟ್ಲೆಂಡಿನ ಪಾದ್ರಿ ರಾಬರ್ಟ್ ಸ್ಟರ್ಲಿಂಗ್ 1816ರಲ್ಲಿ ಇಂಥ ಎಂಜಿನ್ನಿಗೆ ಪೇಟೆಂಟ್ ಪಡೆದರು. ಅವರ ತಮ್ಮ ಜೇಮ್ಸ್ ಸ್ಟರ್ಲಿಂಗ್ 1843ರಲ್ಲಿ ಡಂಡಿ ನಗರದ ಎರಕಶಾಲೆಯೊಂದರಲ್ಲಿ ದೊಡ್ಡ ಎಂಜಿನ್ನನ್ನೇ ಓಡಿಸಿದರು. ಆದರೆ ಅದರ ಬಿಸಿ ತುದಿಯ ಎರಕದ ಕಬ್ಬಿಣ ಶಾಖ ತಾಳದೆ ಮತ್ತೆ ಮತ್ತೆ ಹಾಳಾಯಿತು, ಕೆಲವು ವರ್ಷಗಳಲ್ಲಿ ಅಲ್ಲಿ ಉಗಿ ಎಂಜಿನ್ನಿಗೆ ಮರಳಿದರು. ಅವರಿಗೆ ಸಿಗದ ಲೋಹ ಇಂದು ಯಾವ ಗುಜರಿಯಲ್ಲಾದರೂ ಸಿಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಹಿಡಿದಾಗಲೆಲ್ಲ ನನಗೆ ಆ ಅಣ್ಣ ತಮ್ಮಂದಿರ ನೆನಪಾಗುತ್ತದೆ.

ಈಗ ಸ್ವಲ್ಪ ಲೆಕ್ಕ. ಪಿಸ್ಟನ್ನಿನ ವ್ಯಾಸ 16 ಮಿ.ಮೀ., ಓಟ, ಅಂದರೆ ಅದು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಸರಿಯುವ ದೂರ, 20 ಮಿ.ಮೀ. ಎಂದಿಟ್ಟುಕೊಳ್ಳೋಣ. ಅದರ ಮುಖದ ವಿಸ್ತೀರ್ಣ 2 ಚದರ ಸೆಂಟಿಮೀಟರ್. ಮುಚ್ಚಿದ ಪಾತ್ರೆಯ ಗಾಳಿಯನ್ನು 27 ಡಿಗ್ರಿಯಿಂದ 327 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ, ಅಂದರೆ 300 ಕೆಲ್ವಿನ್‌ನಿಂದ 600 ಕೆಲ್ವಿನ್‌ಗೆ, ಒತ್ತಡ ಇಮ್ಮಡಿಯಾಗಬೇಕು. ಎಂಜಿನ್ನಿನಲ್ಲಿ ಹಾಗೆ ಆಗುವುದಿಲ್ಲ. ಗಾಳಿಯೆಲ್ಲವೂ ಏಕಕಾಲದಲ್ಲಿ ಬಿಸಿ ತುದಿಯಲ್ಲಿ ಇರುವುದಿಲ್ಲ, ಒಂದಷ್ಟು ಪಾಲು ಸಂದುಗೊಂದಿಗಳಲ್ಲಿ ಸುಮ್ಮನೆ ಕುಳಿತಿರುತ್ತದೆ. ಒತ್ತಡದ ಏರಿಳಿತ 0.3 ಬಾರ್ ಎಂದು ಹಿಡಿದರೆ ಪಿಸ್ಟನ್ನಿನ ಮೇಲಿನ ಬಲ 6 ನ್ಯೂಟನ್. ಅರ್ಧ ಕಿಲೋಗಿಂತ ತುಸು ಹೆಚ್ಚು ತೂಕದ ವಸ್ತುವೊಂದರ ಭಾರ ಅಷ್ಟು, ಅದೂ ಸುತ್ತಿನ ಒಂದು ಕ್ಷಣ ಮಾತ್ರ. ನಿಮಿಷಕ್ಕೆ 600 ಸುತ್ತು ತಿರುಗಿದರೂ ದೊರೆಯುವ ಶಕ್ತಿ ಒಂದು ವ್ಯಾಟ್‌ನ ಒಳಗೇ. ಆದ್ದರಿಂದ ಇಲ್ಲಿ ಒಂದು ಬೇರಿಂಗಿನ ಗ್ರೀಸ್ ಸಹ ಎಂಜಿನ್ನನ್ನು ನಿಲ್ಲಿಸಬಲ್ಲದು. ದೊಡ್ಡ ಯಂತ್ರಗಳಲ್ಲಿ ನಾವು ಮನ್ನಿಸುವ ಸೋರಿಕೆ, ಉಜ್ಜಾಟ, ಶಾಖನಷ್ಟ ಯಾವುದನ್ನೂ ಈ ಎಂಜಿನ್ ಮನ್ನಿಸುವುದಿಲ್ಲ.

ಪಿಸ್ಟನ್ ಮತ್ತು ಸಿಲಿಂಡರಿನ ನಡುವಿನ ತೆರವಿನಿಂದ ಸೋರುವ ಗಾಳಿ ಆ ತೆರವಿನ ಘನಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ತೆರವು ಇಮ್ಮಡಿಯಾದರೆ ಸೋರಿಕೆ ಎಂಟು ಪಟ್ಟು, ಮುಮ್ಮಡಿಯಾದರೆ ಇಪ್ಪತ್ತೇಳು ಪಟ್ಟು. ಪಿಸ್ಟನ್ನನ್ನು ಉದ್ದ ಮಾಡಿಯೂ ಸೋರಿಕೆ ತಗ್ಗಿಸಬಹುದು, ಆದರೆ ಉದ್ದ ಎರಡು ಪಟ್ಟಾದರೆ ಸೋರಿಕೆ ಅರ್ಧವಾಗುತ್ತದೆ ಅಷ್ಟೇ, ಜೊತೆಗೆ ಭಾರವೂ ಉಜ್ಜಾಟವೂ ಏರುತ್ತವೆ. ಹಾಗಾಗಿ ಗೆಲುವು ಇರುವುದು ತೆರವಿನಲ್ಲೇ. ವ್ಯಾಸದ ಮೇಲೆ 0.01 ಮಿ.ಮೀ. ವ್ಯತ್ಯಾಸ ನನ್ನ ಗುರಿ. ಪಿಸ್ಟನ್ನಿನ ಉದ್ದ ವ್ಯಾಸದ ಒಂದೂವರೆ ಪಟ್ಟು ಇದ್ದರೆ ಸಾಕು.

ಯಾವ ಲೋಹ? ಎರಡಕ್ಕೂ ಎರಕದ ಕಬ್ಬಿಣ, ಇದು ನನ್ನ ದೃಢ ಅಭಿಪ್ರಾಯ. ಅದರೊಳಗಿನ ಗ್ರ್ಯಾಫೈಟ್ ಪದರಗಳು ತಾವೇ ಜಾರುಪುಡಿಯ ಕೆಲಸ ಮಾಡುತ್ತವೆ, ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಹಗುರ ಇರಲಿ ಎಂದು ನಾನು ನನ್ನ ಮೊದಲ ಎಂಜಿನ್ನಿಗೆ ಅಲ್ಯೂಮಿನಿಯಂ ಪಿಸ್ಟನ್ ಹಾಕಿದ್ದೆ. ತಣ್ಣಗಿದ್ದಾಗ ಹೆಬ್ಬೆರಳಿನ ಪರೀಕ್ಷೆಯಲ್ಲಿ ಚೆನ್ನಾಗಿ ಗೆದ್ದ ಅದು ಕೆಲವೇ ನಿಮಿಷ ಓಡಿ ಕಚ್ಚಿಕೊಂಡಿತು. ಕಾರಣ ಸರಳ. 60 ಡಿಗ್ರಿ ಬಿಸಿ ಏರಿದರೆ 16 ಮಿ.ಮೀ. ಅಲ್ಯೂಮಿನಿಯಂ ಸುಮಾರು 0.022 ಮಿ.ಮೀ. ಹಿಗ್ಗುತ್ತದೆ, ಎರಕದ ಕಬ್ಬಿಣ ಅದರ ಅರ್ಧದಷ್ಟು. ಅಷ್ಟು ಸೂಕ್ಷ್ಮವಾಗಿ ಉಳಿಸಿಕೊಂಡ ತೆರವೆಲ್ಲ ಅಲ್ಲಿಗೆ ಮುಗಿಯಿತು. ಗ್ರ್ಯಾಫೈಟ್ ಪಿಸ್ಟನ್ನಿನದು ಇದಕ್ಕೆ ತದ್ವಿರುದ್ಧ ಗುಣ. ಅದು ಲೋಹದ ಸಿಲಿಂಡರಿಗಿಂತ ಕಡಿಮೆ ಹಿಗ್ಗುವುದರಿಂದ ಬಿಸಿಯಾದಾಗ ಕಚ್ಚುವ ಭಯವಿಲ್ಲ, ಹಗುರವೂ ಹೌದು. ಆದರೆ ಅದನ್ನು ಕಡೆಯುವಾಗ ಏಳುವ ಕಪ್ಪು ಧೂಳು ವಿದ್ಯುತ್ತನ್ನು ಹರಿಸುತ್ತದೆ. ಮೋಟಾರಿಗೂ ಸ್ವಿಚ್ಚಿಗೂ ಅದು ಹೋಗದಂತೆ ಉಳಿಯ ಪಕ್ಕದಲ್ಲೇ ವ್ಯಾಕ್ಯೂಮ್ ಕೊಳವೆ ಇರಬೇಕು, ಮುಖಕ್ಕೆ ಮಾಸ್ಕ್ ಬೇಕು.

ಯಾವಾಗಲೂ ಸಿಲಿಂಡರ್ ಮೊದಲು, ಪಿಸ್ಟನ್ ಆಮೇಲೆ. ಹೊರವ್ಯಾಸವನ್ನು ಅಳೆಯುವುದು, ತಿದ್ದುವುದು ಸುಲಭ. ಒಳವ್ಯಾಸದ ವಿಷಯ ಹಾಗಲ್ಲ. ಸಿಲಿಂಡರಿನ ರಂಧ್ರ ನಿಖರವಾಗಿ 16.00 ಆಗಬೇಕಿಲ್ಲ, 16.07 ಆದರೂ ಚಿಂತೆಯಿಲ್ಲ. ಅದು ದುಂಡಗಿರಬೇಕು, ಆ ತುದಿಯಿಂದ ಈ ತುದಿಗೆ ಸಮವಾಗಿರಬೇಕು, ಅಷ್ಟೇ. ಪಿಸ್ಟನ್ನನ್ನು ಆ ರಂಧ್ರಕ್ಕೆ ಹೊಂದಿಸಿದರಾಯಿತು.

ದುಂಡಗಿರಬೇಕು ಎಂಬ ಮಾತಿನಲ್ಲಿ ಒಂದು ಹೊಂಡ ಅಡಗಿದೆ. ತೆಳು ಗೋಡೆಯ ಸಿಲಿಂಡರನ್ನು ಲೇತ್‌ನ ಮೂರು ದವಡೆಯ ಹಿಡಿಕೆಯಲ್ಲಿ, ಅಂದರೆ ಚಕ್ಕಿನಲ್ಲಿ, ಬಿಗಿದರೆ ಅದು ಮೂರು ಕಡೆ ಒಳಕ್ಕೆ ತಗ್ಗುತ್ತದೆ. ಆ ಸ್ಥಿತಿಯಲ್ಲಿ ಒಳಗೆ ಎಷ್ಟೇ ದುಂಡಗೆ ಕೊರೆದರೂ ಚಕ್ ಸಡಿಲಿಸಿದ ಕೂಡಲೇ ಲೋಹ ತನ್ನ ಮೊದಲ ರೂಪಕ್ಕೆ ಮರಳಿ, ರಂಧ್ರ ಮೂರು ಮೂಲೆಯದಾಗುತ್ತದೆ. ಎದುರುಬದುರಿನ ಎರಡು ಬಿಂದುಗಳ ನಡುವೆ ಅಳೆಯುವ ಉಪಕರಣಕ್ಕೆ ಈ ದೋಷ ಕಾಣುವುದೇ ಇಲ್ಲ, ಏಕೆಂದರೆ ಒಂದು ಉಬ್ಬಿನ ಎದುರಿಗೆ ಒಂದು ತಗ್ಗು ಬಂದು ಅಳತೆ ಎಲ್ಲ ದಿಕ್ಕಿನಲ್ಲೂ ಒಂದೇ ಬರುತ್ತದೆ. ಅಳತೆ ಸರಿಯಿದ್ದೂ ಪಿಸ್ಟನ್ ಸೋರಿದರೆ ಮೊದಲು ಶಂಕಿಸಬೇಕಾದದ್ದು ಇದನ್ನೇ. ಸಿಲಿಂಡರಿಗೆ ದಪ್ಪ ಅಂಚೊಂದನ್ನು ಉಳಿಸಿ, ಅದನ್ನು ಲೇತ್‌ನ ಚಪ್ಪಟೆ ತಟ್ಟೆಯಾದ ಫೇಸ್‌ಪ್ಲೇಟಿಗೆ ಬೋಲ್ಟಿನಿಂದ ಕೂರಿಸಿ ಕೊರೆಯುವುದು ಒಳ್ಳೆಯ ದಾರಿ. ಹೊರಗೆ ತಂಪಿನ ರೆಕ್ಕೆಗಳಿದ್ದರೆ ಮೊದಲು ಒಳಗೆ ಒರಟಾಗಿ ಕೊರೆದು, ರೆಕ್ಕೆಗಳನ್ನು ಕತ್ತರಿಸಿ, ಲೋಹ ಪೂರ್ತಿ ತಣಿದ ಮೇಲೆ ಕೊನೆಯ ಕೊರೆತ ಹಾಕಬೇಕು. ರೆಕ್ಕೆ ಕತ್ತರಿಸುವಾಗ ಲೋಹದ ಒಳಬಿಗಿತ ಬಿಡುಗಡೆಯಾಗಿ ರಂಧ್ರದ ಆಕಾರ ಕದಲುವುದುಂಟು.

ಒಳಕೊರೆತದ ಉಳಿ ಉದ್ದವಾಗಿರುವುದರಿಂದ ಅದು ಬಾಗುತ್ತದೆ. ಕೊನೆಯಲ್ಲಿ ಆಳ ಹೆಚ್ಚಿಸದೆ ಅದೇ ಅಳತೆಯಲ್ಲಿ ಎರಡು ಮೂರು ಸಲ ಓಡಿಸಿದರೆ ಬಾಗಿದ್ದ ಉಳಿ ಉಳಿಸಿಹೋದದ್ದನ್ನು ತಾನೇ ತೆಗೆಯುತ್ತದೆ. ನಂತರ ಲ್ಯಾಪಿಂಗ್, ಅಂದರೆ ಸಾಣೆಪುಡಿಯಿಂದ ತೀಡುವ ಕೆಲಸ. ಸಿಲಿಂಡರಿಗಿಂತ ಮೃದುವಾದ ಹಿತ್ತಾಳೆ ಅಥವಾ ಅಲ್ಯೂಮಿನಿಯಂ ಕಂಬಿಯನ್ನು ರಂಧ್ರಕ್ಕೆ ಹೊಂದುವಂತೆ ಕಡೆದು, ಉದ್ದಕ್ಕೆ ಸೀಳಿ, ತಿರುಪಿನಿಂದ ಹಿಗ್ಗಿಸುವ ಹಾಗೆ ಮಾಡಬೇಕು. ಮೃದು ಲೋಹದಲ್ಲಿ ಪುಡಿ ನೆಟ್ಟು ಕೂತು ಗಟ್ಟಿ ಲೋಹವನ್ನು ತೀಡುತ್ತದೆ. ಇದು ತಲೆಕೆಳಗಾದರೆ ಪುಡಿ ಸಿಲಿಂಡರಿನ ಗೋಡೆಯಲ್ಲೇ ಸೇರಿಕೊಂಡು ಎಂಜಿನ್ನಿನ ಆಯುಷ್ಯವಿಡೀ ಪಿಸ್ಟನ್ನನ್ನು ತಿನ್ನುತ್ತದೆ. ಲೇತ್ ನಿಧಾನವಾಗಿ ತಿರುಗಲಿ, ಕಂಬಿ ಒಂದೆಡೆ ನಿಲ್ಲದೆ ತುದಿಯಿಂದ ತುದಿಗೆ ಓಡಾಡಲಿ. ಪಿಸ್ಟನ್ನನ್ನೇ ಪುಡಿ ಹಚ್ಚಿ ಸಿಲಿಂಡರಿನಲ್ಲಿ ತೀಡುವ ಅಡ್ಡದಾರಿ ಬೇಡವೇ ಬೇಡ. ಹಾಗೆ ಮಾಡಿದರೆ ರಂಧ್ರದ ಬಾಯಿ ಗಂಟೆಯಂತೆ ಅಗಲವಾಗುತ್ತದೆ, ತೆರವು ಕೈಮೀರುತ್ತದೆ. ಪಿಸ್ಟನ್ನಿಗೆ ಹೊರಗಿನಿಂದ ತೀಡುವ ಬೇರೆಯದೇ ಉಂಗುರ ಮಾಡಿಕೊಂಡು ಕೊನೆಯ, ಮಿಲಿಮೀಟರಿನ ಒಂದೆರಡು ನೂರನೇ ಭಾಗವನ್ನು ಅದರಿಂದ ತೆಗೆಯಿರಿ. ಪ್ರತಿ ಸಲ ಅಳೆಯುವ ಮುನ್ನ ಸೀಮೆಎಣ್ಣೆಯಲ್ಲಿ, ಆಮೇಲೆ ಬಿಸಿ ಸಾಬೂನು ನೀರಿನಲ್ಲಿ ತೊಳೆದು, ಬಿಳಿ ಬಟ್ಟೆಯಿಂದ ಒರೆಸಿ, ಬಟ್ಟೆ ಬೂದಾಗದಷ್ಟು ಶುದ್ಧವಾದ ಮೇಲೆ ತಣಿಯಲು ಬಿಡಬೇಕು. ಕೈಯ ಬಿಸಿಯಲ್ಲಿರುವ ಪಿಸ್ಟನ್ ಹೇಳುವ ಅಳತೆ ನಿಜವಲ್ಲ.

ಬಿಸಿ ತುದಿಯ ಟೋಪಿಯದು, ಅಂದರೆ ದೀಪ ಕಾಯಿಸುವ ಆ ಒಂದು ತುದಿ ಮುಚ್ಚಿದ ಕೊಳವೆಯದು, ಬೇರೆಯೇ ಚಿಂತೆ. ಇಲ್ಲಿ ನೂರನೇ ಭಾಗದ ಮಾತಿಲ್ಲ, ಗೋಡೆಯ ದಪ್ಪದ ಮಾತು. ಟೋಪಿಯ ತಲೆ ಕೆಂಪಗೆ ಕಾಯುತ್ತಿದ್ದರೆ ಅದರ ಬುಡ ತಂಪಾಗಿರಬೇಕು, ಆದರೆ ಎರಡೂ ಒಂದೇ ಲೋಹದ ತುಂಡು. ಗೋಡೆಯ ಮೂಲಕ ಹರಿಯುವ ಶಾಖ ಗಾಳಿಯನ್ನು ಮುಟ್ಟದೆಯೇ ತಂಪು ತುದಿ ಸೇರಿ ವ್ಯರ್ಥವಾಗುತ್ತದೆ. 25 ಮಿ.ಮೀ. ಹೊರವ್ಯಾಸ, 0.5 ಮಿ.ಮೀ. ಗೋಡೆ, 60 ಮಿ.ಮೀ. ಉದ್ದದ ಕೊಳವೆಯ ಎರಡು ತುದಿಗಳ ನಡುವೆ 350 ಡಿಗ್ರಿ ವ್ಯತ್ಯಾಸ ಇದೆ ಎನ್ನೋಣ. ಸ್ಟೇನ್‌ಲೆಸ್ ಸ್ಟೀಲ್ ಆದರೆ ಗೋಡೆಯಲ್ಲಿ ಹರಿದುಹೋಗುವುದು ಸುಮಾರು 3.6 ವ್ಯಾಟ್. ಸಾದಾ ಉಕ್ಕಾದರೆ ಸುಮಾರು 11. ತಾಮ್ರವಾದರೆ 85 ವ್ಯಾಟ್‌ಗೂ ಮೇಲೆ! ಎಂಜಿನ್ ಕೊಡುವುದು ಒಂದು ವ್ಯಾಟ್‌ನ ಒಳಗೆ ಎಂಬುದನ್ನು ನೆನಪಿಸಿಕೊಳ್ಳಿ. ತಾಮ್ರ ಶಾಖವನ್ನು ಬೇಗ ಒಳಗೆ ಬಿಡುತ್ತದೆ ಎಂಬ ಆಸೆಗೆ ಬಿದ್ದವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು. ಸ್ಟೇನ್‌ಲೆಸ್ ಗೋಡೆಯನ್ನೇ 1.5 ಮಿ.ಮೀ. ದಪ್ಪ ಬಿಟ್ಟರೂ ನಷ್ಟ 10 ವ್ಯಾಟ್ ದಾಟುತ್ತದೆ.

ಗಟ್ಟಿ ಸರಳಿನಿಂದ ಟೋಪಿ ಕಡೆಯುವುದಾದರೆ ಒಳಭಾಗವನ್ನು ಮೊದಲು ಮುಗಿಸಿ. ಆಮೇಲೆ ಆ ರಂಧ್ರಕ್ಕೆ ಬಿಗಿಯಾಗಿ ಕೂರುವ ಆಸರೆಯ ಕಂಬಿ, ಅಂದರೆ ಮ್ಯಾಂಡ್ರೆಲ್, ಮೇಲೆ ಏರಿಸಿ ಹೊರಭಾಗವನ್ನು ತೆಳುವಾಗಿಸಿ. ಒಳಗಿನಿಂದ ಆಸರೆ ಇಲ್ಲದ ತೆಳು ಗೋಡೆ ಉಳಿ ತಾಗಿದೊಡನೆ ಕಂಪಿಸಿ ಕಿರುಚುತ್ತದೆ. ಸ್ಟೇನ್‌ಲೆಸ್‌ಗೆ ಇನ್ನೊಂದು ಗುಣವುಂಟು: ಉಳಿ ಕತ್ತರಿಸದೆ ಸುಮ್ಮನೆ ಉಜ್ಜಿದರೆ ಮೇಲ್ಮೈ ಗಡುಸಾಗಿ ಮುಂದಿನ ಕೊರೆತವನ್ನೇ ತಡೆಯುತ್ತದೆ. ಆದ್ದರಿಂದ ಹರಿತವಾದ ಉಳಿ, ಕಡಿಮೆ ವೇಗ, ನಿಲ್ಲದ ಮುನ್ನಡೆ. ಹೈಸ್ಪೀಡ್ ಸ್ಟೀಲ್ ಉಳಿಗೆ 25 ಮಿ.ಮೀ. ವ್ಯಾಸದಲ್ಲಿ ನಿಮಿಷಕ್ಕೆ 200 ಸುತ್ತಿನ ಆಸುಪಾಸು ಸರಿಹೋಗುತ್ತದೆ. ಸುರುಳಿಯಾಗಿ ಬರುವ ಲೋಹದ ಎಳೆಗಳು ಚಾಕುವಿನಷ್ಟು ಹರಿತ. ಅವನ್ನು ಲೇತ್ ನಿಲ್ಲಿಸಿ, ಕೊಕ್ಕೆಯಿಂದ ತೆಗೆಯಬೇಕು, ಬರಿಗೈಯಿಂದಲ್ಲ. ಲೇತ್ ತಿರುಗುವಾಗ ಕೈಗವಸು ಅದಕ್ಕಿಂತ ಅಪಾಯಕಾರಿ.

ಇಷ್ಟು ಕಷ್ಟ ಬೇಡವೆಂದರೆ ಸಿದ್ಧ ತೆಳು ಕೊಳವೆಗೆ ಮುಚ್ಚಳ ಬೆಸೆಯಬಹುದು. ತವರ ಮತ್ತು ಸೀಸದ ಸಾದಾ ಬೆಸುಗೆ 183 ಡಿಗ್ರಿಯಲ್ಲೇ ಕರಗುತ್ತದೆ, ಅದು ಇಲ್ಲಿ ಸಲ್ಲದು. 600 ಡಿಗ್ರಿಯ ಮೇಲೆ ಕರಗುವ ಬೆಳ್ಳಿ ಬೆಸುಗೆ ಬೇಕು. ಕ್ಯಾಡ್ಮಿಯಂ ಇಲ್ಲದ ಬಗೆಯನ್ನೇ ಕೇಳಿ ತರಬೇಕು, ಕ್ಯಾಡ್ಮಿಯಂ ಹೊಗೆ ವಿಷ.

ಡಿಸ್ಪ್ಲೇಸರಿನ ವಿಷಯದಲ್ಲಿ ಕೈಯನ್ನು ಸಡಿಲ ಬಿಡಬಹುದು. ಟೋಪಿಯ ಒಳವ್ಯಾಸ 24 ಇದ್ದರೆ ಡಬ್ಬಿಯ ಹೊರವ್ಯಾಸ 22.8 ಸಾಕು, ಸುತ್ತಲೂ 0.6 ಮಿ.ಮೀ. ಸಂದು. ಹೊಸಬರು ಇದನ್ನೂ ಪಿಸ್ಟನ್ನಿನಂತೆ ಬಿಗಿ ಮಾಡಿ ಕೆಡಿಸುತ್ತಾರೆ. ಆ ಸಂದೇ ಗಾಳಿಯ ಹಾದಿ, ಮತ್ತು ಆ ಹಾದಿಯ ಗೋಡೆಗಳಿಗೆ ಒಂದು ಗುಪ್ತ ಕೆಲಸವೂ ಇದೆ. ಬಿಸಿಗಾಳಿ ತಂಪು ತುದಿಗೆ ಹೋಗುವಾಗ ತನ್ನ ಶಾಖದ ಒಂದು ಪಾಲನ್ನು ಗೋಡೆಗಳಲ್ಲಿ ಠೇವಣಿ ಇಡುತ್ತದೆ, ಮರಳುವಾಗ ಅದನ್ನೇ ಹಿಂದಕ್ಕೆ ಪಡೆಯುತ್ತದೆ. ಸ್ಟರ್ಲಿಂಗ್ ಅವರ ಪೇಟೆಂಟಿನ ಜೀವಾಳವೇ ಈ ಶಾಖ ಉಳಿಸುವ ಉಪಾಯ. ಅವರು ಅದಕ್ಕೆ ಪ್ರತ್ಯೇಕ ವ್ಯವಸ್ಥೆ ಮಾಡಿದ್ದರು, ನಮ್ಮ ಸಣ್ಣ ಎಂಜಿನ್ನಿನಲ್ಲಿ ಕಿರಿದಾದ ಸಂದೇ ಆ ಕೆಲಸವನ್ನು ತಕ್ಕಮಟ್ಟಿಗೆ ಮಾಡಿಬಿಡುತ್ತದೆ. ಡಬ್ಬಿ ಹಗುರವಿರಲಿ, ಗೋಡೆ ತೆಳುವಿರಲಿ, ಉದ್ದ ಅದರ ಓಟದ ಮೂರು ಪಟ್ಟು ಇರಲಿ. ಗೋಡೆಗೆ ಮಾತ್ರ ಎಲ್ಲೂ ತಾಗಬಾರದು.

ತಾಗದಂತೆ ಹಿಡಿದಿಡುವುದು 3 ಮಿ.ಮೀ. ದಪ್ಪದ ಕಡ್ಡಿಯೊಂದು. ಅದು ತಂಪು ತುದಿಯ ಮುಚ್ಚಳದಲ್ಲಿ ಕೂರಿಸಿದ ಕಂಚಿನ ಬುಷ್, ಅಂದರೆ ಸಣ್ಣ ಕೊಳವೆಯ ಮೂಲಕ ಹೊರಬರುತ್ತದೆ. ಸೂಕ್ಷ್ಮತೆ ಬೇಕಾದ ಎರಡನೆಯ ಜಾಗ ಇದು. ಬುಷ್ ಉದ್ದವಾಗಿರಬೇಕು, 20 ಮಿ.ಮೀ.ಗೆ ಕಡಿಮೆ ಬೇಡ, ಏಕೆಂದರೆ ಅದೇ ಸೋರಿಕೆಯ ತಡೆ, ಅದೇ ದಾರಿತೋರುಕ. ಕಡ್ಡಿಯ ಸುತ್ತಳತೆ ಪಿಸ್ಟನ್ನಿನದರ ಐದನೇ ಒಂದು ಪಾಲಿಗೂ ಕಡಿಮೆಯಾದ್ದರಿಂದ ಅದೇ ತೆರವಿನಲ್ಲಿ ಸೋರಿಕೆಯೂ ಅಷ್ಟೇ ಕಡಿಮೆ. ಸಿದ್ಧವಾಗಿ ಸಿಗುವ ನುಣುಪು ಸಿಲ್ವರ್ ಸ್ಟೀಲ್ (ಬೆಳ್ಳಿಯಲ್ಲ, ಉಕ್ಕು) ಕಡ್ಡಿಯೂ ರಂಧ್ರವನ್ನು ನಿಖರ ಅಳತೆಗೆ ತರುವ ಹರಿತವಾದ ರೀಮರೂ ಇದ್ದರೆ ಸಾಕು. ಮುಚ್ಚಳದ ಹೊರ ಅಂಚನ್ನೂ ಬುಷ್‌ನ ರಂಧ್ರವನ್ನೂ ಚಕ್ಕಿನಿಂದ ಬಿಚ್ಚದೆ ಒಂದೇ ಸಲ ಮಾಡುವುದು ಮುಖ್ಯ. ಬಿಚ್ಚಿ ಮತ್ತೆ ಹಿಡಿದರೆ ಮೂರು ದವಡೆಯ ಚಕ್ ಕೇಂದ್ರವನ್ನು ತುಸು ಪಕ್ಕಕ್ಕೆ ಸರಿಸುತ್ತದೆ, ಆ ತಪ್ಪು ಕಡ್ಡಿಯ ತುದಿಯಲ್ಲಿ ತೂಗುವ ಡಬ್ಬಿಗೆ ಹೋಗುವಷ್ಟರಲ್ಲಿ ಹಲವು ಪಟ್ಟು ದೊಡ್ಡದಾಗಿರುತ್ತದೆ.

ಎರಡು ಸಿಲಿಂಡರುಗಳನ್ನು ಜೋಡಿಸುವ ರಂಧ್ರ ಗಿಡ್ಡವಾಗಿರಬೇಕು, 4 ಮಿ.ಮೀ. ವ್ಯಾಸ ಸಾಕು. ಇಲ್ಲಿ ಹೆಚ್ಚಾದ ಪ್ರತಿ ಘನ ಸೆಂಟಿಮೀಟರ್ ಜಾಗವೂ ಒತ್ತಡದ ಏರಿಳಿತವನ್ನು ತಿನ್ನುತ್ತದೆ. ಫ್ಲೈವೀಲಿಗೆ ಯಾವ ಲೋಹವಾದರೂ ಆದೀತು, ಅದರ ನಡುರಂಧ್ರ ಮತ್ತು ಅಂಚು ಒಂದೇ ಹಿಡಿತದಲ್ಲಿ ಕಡೆದಿರಬೇಕು.

ಫ್ಲೈವೀಲ್ ಕೂರುವ ದಂಡನ್ನು, ಅಂದರೆ ತಿರುಗುವ ಅಚ್ಚನ್ನು, ಹೊರುವ ಬೇರಿಂಗುಗಳು ಸಣ್ಣವಿರಲಿ, 4 ಅಥವಾ 5 ಮಿ.ಮೀ. ದಂಡಿನವು. ಮುಚ್ಚಳ ತೆಗೆದು, ಒಳಗಿನ ಗ್ರೀಸನ್ನು ಪೂರ್ತಿ ತೊಳೆದು, ಒಂದೇ ಒಂದು ತೊಟ್ಟು ತೆಳು ಎಣ್ಣೆ ಬಿಡಿ. ತೊಳೆಯುವ ಮೊದಲು ಬೆರಳಿನಿಂದ ತಿರುಗಿಸಿದಾಗ ಅರ್ಧ ಸುತ್ತಿಗೆ ನಿಲ್ಲುತ್ತಿದ್ದ ಬೇರಿಂಗ್ ತೊಳೆದ ಮೇಲೆ ಬಹಳ ಹೊತ್ತು ತಿರುಗುತ್ತಲೇ ಇರುವುದನ್ನು ನೋಡುವುದೇ ಒಂದು ಸಂತೋಷ. ದಂಡನ್ನು ಹೊರುವ ಎರಡು ಕಂಬಗಳ ಬೇರಿಂಗ್ ರಂಧ್ರಗಳನ್ನು ಕಂಬಗಳನ್ನು ಒಟ್ಟಿಗೆ ಬಿಗಿದು ಒಂದೇ ಸಲಕ್ಕೆ ಕೊರೆದರೆ ಅವು ಒಂದೇ ಗೆರೆಯಲ್ಲಿ ಬರುತ್ತವೆ. ಬೇರಿಂಗ್ ಅಲ್ಲಿ ಹೆಬ್ಬೆರಳಿನ ಒತ್ತಿಗೆ ಕೂರಬೇಕು, ಸುತ್ತಿಗೆಯ ಹೊಡೆತಕ್ಕಲ್ಲ.

ಮೂರನೆಯ ಸೂಕ್ಷ್ಮ ಜಾಗ, ಪಿಸ್ಟನ್ನಿನ ಓಡಾಟವನ್ನು ದಂಡಿನ ತಿರುಗಾಟವಾಗಿಸುವ ಕ್ರ್ಯಾಂಕಿನ ಪಿನ್. 20 ಮಿ.ಮೀ. ಓಟಕ್ಕೆ ಪಿನ್ ಕೇಂದ್ರದಿಂದ 10 ಮಿ.ಮೀ. ದೂರವಿರಬೇಕು, ಅದು 10.1 ಆದರೂ ಏನೂ ಆಗದು. ಆದರೆ ಪಿನ್ ದಂಡಿಗೆ ಸಮಾಂತರವಾಗಿರಲೇಬೇಕು. ಓರೆಯಾದ ಪಿನ್ ಪ್ರತಿ ಸುತ್ತಿನಲ್ಲೂ ಪಿಸ್ಟನ್ನನ್ನು ಬದಿಗೆ ತಿರುಚುತ್ತದೆ, ಅಷ್ಟು ಜತನದಿಂದ ತೀಡಿದ ಸಿಲಿಂಡರ್ ಆ ತಿರುಚಾಟದಲ್ಲಿ ಉಜ್ಜಾಟದ ಬಿಲವಾಗುತ್ತದೆ. ಕ್ರ್ಯಾಂಕ್ ತಟ್ಟೆಯ ಮುಖವನ್ನು ಸಮ ಮಾಡಿದ ಅದೇ ಹಿಡಿತದಲ್ಲಿ ದಂಡಿನ ರಂಧ್ರ ಕೊರೆದು, ಅದೇ ಮುಖವನ್ನು ಆಧಾರವಾಗಿಟ್ಟು ಪಿನ್ನಿನ ರಂಧ್ರ ಕೊರೆದರೆ ಎರಡೂ ಸಮಾಂತರವಾಗಿ ಬರುತ್ತವೆ.

ಡಿಸ್ಪ್ಲೇಸರ್ ಪಿಸ್ಟನ್ನಿಗಿಂತ 90 ಡಿಗ್ರಿ ಮುಂದಿರಬೇಕು. ಗಾಳಿಯನ್ನು ಬಿಸಿ ತುದಿಗೆ ಕಳಿಸಿದ ಮೇಲೆ ತಾನೇ ಅದು ಪಿಸ್ಟನ್ನನ್ನು ನೂಕುವುದು? ಡಿಸ್ಪ್ಲೇಸರಿನ ಕ್ರ್ಯಾಂಕನ್ನು ದಂಡಿಗೆ ಸಣ್ಣ ತಿರುಪಿನಿಂದ ಬಿಗಿದಿಟ್ಟರೆ ಕೋನವನ್ನು ಬೇಕಾದಂತೆ ತಿದ್ದಬಹುದು. ಯಾವ ದಿಕ್ಕಿನಲ್ಲಿ ತಿರುಗಿದರೆ ಡಿಸ್ಪ್ಲೇಸರ್ ಮುಂದಿರುತ್ತದೋ ಎಂಜಿನ್ ಓಡುವುದು ಆ ದಿಕ್ಕಿನಲ್ಲಿ ಮಾತ್ರ. ಎದುರು ದಿಕ್ಕಿಗೆ ನೂಕಿ, ಓಡಲಿಲ್ಲ ಎಂದು ಎಲ್ಲವನ್ನೂ ಬಿಚ್ಚಿದವರಿದ್ದಾರೆ.

ದೀಪ ಹಚ್ಚುವ ಮೊದಲು ಫ್ಲೈವೀಲನ್ನು ಬೆರಳಿನಿಂದ ತಿರುಗಿಸಿ. ಪಿಸ್ಟನ್ ಒಳಕ್ಕೆ ಹೋಗುವಾಗ ಗಾಳಿಯ ಮೆತ್ತೆ ತಾಗಿದಂತೆ ಆಗಿ, ಚಕ್ರ ತುಸು ಹಿಂದಕ್ಕೆ ಪುಟಿಯಬೇಕು. ಪುಟಿಯದಿದ್ದರೆ ಎಲ್ಲೋ ಸೋರುತ್ತಿದೆ. ಜೋಡಣೆಗಳಿಗೆ ಸಾಬೂನು ನೀರು ಹಚ್ಚಿದರೆ ಗುಳ್ಳೆಗಳು ಜಾಗ ತೋರಿಸುತ್ತವೆ. ಸೋರಿಕೆಯನ್ನು ಪಿಸ್ಟನ್ನಿಗೆ ಎಣ್ಣೆ ಹಚ್ಚಿ ಮುಚ್ಚುವ ಆಸೆ ಬೇಡ, ಎಣ್ಣೆಯ ಅಂಟು ಆ 6 ನ್ಯೂಟನ್ನಿನಲ್ಲಿ ದೊಡ್ಡ ಪಾಲನ್ನೇ ಕೇಳುತ್ತದೆ. ಹೊರಗಿನಿಂದ ಒತ್ತಡದ ಗಾಳಿ ತುಂಬಿ ಶಕ್ತಿ ಹೆಚ್ಚಿಸುವ ಪ್ರಯೋಗವನ್ನು ಮನೆಯಲ್ಲಿ ಮಾಡಲೇಬಾರದು. ಒತ್ತಡದ ಬಿಸಿಗಾಳಿಯಲ್ಲಿ ಎಣ್ಣೆಯ ಆವಿ ಸೇರಿದರೆ ಸ್ಫೋಟವಾಗಬಹುದು.

ದೀಪ ಹಚ್ಚಿ ಒಂದೆರಡು ನಿಮಿಷ ಕಾದು ಚಕ್ರವನ್ನು ಮೆಲ್ಲನೆ ನೂಕಿ. ಮೊದಲು ನಾಲ್ಕೈದು ಸುತ್ತು ತಿರುಗಿ ನಿಲ್ಲುತ್ತದೆ. ಮತ್ತೆ ನೂಕಿದರೆ ಹತ್ತು ಸುತ್ತು. ಟೋಪಿಯ ಬಣ್ಣ ಬದಲಾಗುತ್ತಾ ಬಂದಂತೆ ಒಂದು ಸಲ ನಿಲ್ಲುವುದನ್ನು ಮರೆತು ತಿರುಗತೊಡಗುತ್ತದೆ, ಶಬ್ದವೇ ಇಲ್ಲದೆ. ಒಂದು ಗಂಟೆ ಓಡಲು ಬಿಟ್ಟು, ತಣಿದ ಮೇಲೆ ಪಿಸ್ಟನ್ ಹೊರತೆಗೆದು ಕಿಟಕಿಯ ಬೆಳಕಿನಲ್ಲಿ ತಿರುಗಿಸಿ ನೋಡಿ. ಮೈಯೆಲ್ಲ ಒಂದೇ ಸಮನೆ ಮಂದ ಬೂದು ಹೊಳಪು ಇದ್ದರೆ ಅದನ್ನು ಹಾಗೆಯೇ ಹಿಂದಕ್ಕೆ ಹಾಕಿ. ಮೇಲ್ತುದಿಯಲ್ಲಿ ಒಂದು ಬದಿಗೆ, ಕೆಳತುದಿಯಲ್ಲಿ ಅದರ ಎದುರು ಬದಿಗೆ ಕನ್ನಡಿಯಂತೆ ಮಿನುಗುವ ಎರಡು ಮಚ್ಚೆಗಳು ಕಂಡರೆ ಪಿಸ್ಟನ್ ಓರೆಯಾಗಿ ಓಡಿದೆ, ಕ್ರ್ಯಾಂಕಿನ ಪಿನ್ ಸಮಾಂತರವಾಗಿಲ್ಲ. ಪಿಸ್ಟನ್ನನ್ನು ಮುಟ್ಟದೆ ಪಿನ್ನನ್ನು ತಿದ್ದಿ.